ಹಿಂದೆ ನೋಡಬಾರದ ಏರು

ಇದು ಖರೇನೇ ನಡೆದ ಕತೆ. ನಡೆದದ್ದಕ್ಕಿಂತ ಪೆಡಲು ತುಳಿದದ್ದೇ ಹೆಚ್ಚು, ಅದೊಂದನ್ನು ಬಿಟ್ಟರೆ ಇದರಲ್ಲಿ ತಿದ್ದುಪಡಿಗೆ ಜಾಗವಿಲ್ಲ. ಸುಳ್ಳೆನಿಸಿದವರು ಸೂಡಿಯಲ್ಲಿ ಸೈಕಲ್ ಹತ್ತಿ, ಗಜೇಂದ್ರಗಡದ ಪೇಟೆ ದಾಟಿ, ಗುಡ್ಡದ ಏರಿಗೆ ಮುಂಗಾಲಿ ಹಚ್ಚಿ ನೋಡಬೇಕು. ಅರ್ಧ ಏರಿನಲ್ಲಿ ಎದೆ ಹಾರುತ್ತಿರುವಾಗ ಕಿವಿಗೆ ಬಿದ್ದ ಯಾವ ಮಾತನ್ನಾದರೂ ಮನುಷ್ಯ ನಂಬಿಬಿಡುತ್ತಾನೆ. ಸಿದ್ದರಾಮೇಶನಿಗೆ ಇದು ಚೆನ್ನಾಗಿ ಗೊತ್ತಿತ್ತು. ಒಮ್ಮೆ ಅದನ್ನು ಚೇಷ್ಟೆಗೆ ಬಳಸಿದ. ಇನ್ನೊಮ್ಮೆ ಬಳಸಿದ್ದು ಯಾತಕ್ಕೆ ಎಂದು ಹೇಳಲು ಅವನಿಗೆ ಈ ಹೊತ್ತಿಗೂ ಸರಿಯಾಗಿ ಬರುವುದಿಲ್ಲ.

ಲಾಡಸಾಬನ ಸೈಕಲ್ ಅಂಗಡಿ ಸೂಡಿಯ ಜೋಡು ಕಳಸದ ಗುಡಿಗೆ ಹೋಗುವ ಹಾದಿಯಲ್ಲಿತ್ತು. ಗುಡಿ ನೋಡಲು ಬಂದವರು ದಾರಿ ಕೇಳಿದರೆ ಊರವರು ಈ ಅಂಗಡಿಯ ಗುರುತು ಹೇಳುತ್ತಿದ್ದರು. ಗುಡಿ ಎಷ್ಟೋ ನೂರು ವರ್ಷದಿಂದ ಸುಮ್ಮನೆ ನಿಂತಿತ್ತು. ಲಾಡಸಾಬ ಒಂದು ಗಳಿಗೆ ಸುಮ್ಮನೆ ಕೂತವನಲ್ಲ. ಅಲ್ಲಿ ಗಾಲಿಗೆ ಗಾಳಿ ಪುಕ್ಕಟೆ, ಸವಾರನಿಗೆ ಗಾಲಿ ಪುಕ್ಕಟೆ. ಅವನ ಮನೆಮಾತಿನಲ್ಲಿ ಬೈಗುಳಕ್ಕೆ ಗಾಲಿ ಅಂತಲೇ ಹೆಸರು.

ಆ ಸೀಮೆಗೆ ಮೊದಲಿನಿಂದ ಸೈಕಲ್ಲಿನ ಹುಚ್ಚು. ಕಾರಹುಣ್ಣಿಮೆ ಇರಲಿ, ಉರುಸು ಇರಲಿ, ಸೈಕಲ್ ಶರ್ಯತ್ತು ಇಡದಿದ್ದರೆ ಊರಿನ ಮಾನ ಹೋಗುತ್ತಿತ್ತು. ನರಗುಂದದ ಗುಡ್ಡದ ಬುಡದಿಂದ ರೋಣಕ್ಕೆ, ರೋಣದಿಂದ ಅಬ್ಬಿಗೇರಿ, ನರೇಗಲ್ ಹಾದು ಗಜೇಂದ್ರಗಡಕ್ಕೆ, ಎರೆಹೊಲದ ನಡುವಿನ ರಸ್ತೆಯಲ್ಲಿ ಹುಡುಗರು ಹ್ಯಾಂಡಲ್ಲಿನ ಮೇಲೆ ಬೋರಲು ಬಿದ್ದು ಹೋಗುತ್ತಿದ್ದರೆ ಹತ್ತಿ ಬಿಡಿಸುವವರು ಸೊಂಟಕ್ಕೆ ಕೈಕೊಟ್ಟು ನಿಂತು ನೋಡುತ್ತಿದ್ದರು. ಗೆದ್ದವನಿಗೆ ಒಂದು ಢಾಲು. ಲಾಡಸಾಬ ವಯಸ್ಸಿನಲ್ಲಿ ಅಂಥವು ಬೇಕಾದಷ್ಟು ಗೆದ್ದಿದ್ದ. ಅದರಲ್ಲೊಂದು ಪಂಕ್ಚರ್ ನೋಡುವ ನೀರಿನ ಬುಟ್ಟಿಗೆ ಮುಚ್ಚಳವಾಗಿತ್ತು.

ಕಾಲು ಸೋತ ಮೇಲೆ ಅವನು ಹುಡುಗರನ್ನು ಓಡಿಸಲು ನಿಂತ. ಬೆಳಗಾಗುತ್ತಲೇ ಹುಡುಗರು ಸಾಲು ಕಟ್ಟಿ ಮುಂದೆ, ಅವನು ಲೂನಾ ಮೊಪೆಡ್ ಮೇಲೆ ಹಿಂದೆ. ಅವನದು ಒಂದೇ ಕಾಯಿದೆ: ಯಾರೂ ಹೊಳ್ಳಿ ನೋಡುವಂತಿಲ್ಲ.

"ಹಿಂದ ಏನೈತಿ ನೋಡಾಕ? ನಾ ಅದೀನಿ, ಅಷ್ಟ. ರೋಡ್ ಮುಂದೈತಿ ಮಗನ, ಮುಂದ ನೋಡು!"

ಹೊಳ್ಳಿ ನೋಡಿದವನಿಗೆ ಶಿಕ್ಷೆ, ಎಲ್ಲರ ಸೈಕಲ್ ಚೈನನ್ನೂ ಚಿಮಣಿ ಎಣ್ಣೆಯಲ್ಲಿ ತಿಕ್ಕಿ ತೊಳೆಯುವುದು. ಕೈಯ ಕಪ್ಪು ವಾರಗಟ್ಟಲೆ ಹೋಗುತ್ತಿರಲಿಲ್ಲ. ಊಟಕ್ಕೆ ಕೂತರೆ ರೊಟ್ಟಿಗೂ ಅದೇ ವಾಸನೆ. ಆದ್ದರಿಂದ ಸೂಡಿಯ ಹುಡುಗರು ಹೆಸರು ಹಿಡಿದು ಕರೆದರೂ ತಲೆ ತಿರುಗಿಸದವರೆಂದು ಸುತ್ತಲ ಊರುಗಳಲ್ಲಿ ಹೆಸರಾಗಿದ್ದರು.

ಸಾಲಿನ ಮುಂದೆ ಯಾವಾಗಲೂ ಲಾಡಸಾಬನ ಮಗ ನವಾಜ. ಸಣಕಲ ಹುಡುಗ, ಆದರೆ ಏರು ಕಂಡರೆ ಕಾಲಿಗೆ ಇರುವೆ ಹತ್ತಿದವರ ಹಾಗೆ ಹಾರುತ್ತಿದ್ದ. ಸಾಲಿನ ಹಿಂದೆ ಯಾವಾಗಲೂ ಸಿದ್ದರಾಮೇಶ. ಅವನು ಕಾಲೇಜಿನಲ್ಲಿ ಬಿ.ಎ. ಓದುತ್ತ, ಮೇಷ್ಟ್ರುಗಳ ದನಿ ತೆಗೆದು ಅಣಕಿಸುತ್ತ, ಸೈಕಲ್ಲನ್ನು ಹೊಟ್ಟೆ ಕರಗಿಸಲು ಹಿಡಿದವನು. ಸದಾ ಕೊನೆಗೆ ಉಳಿಯುವವನಾದ್ದರಿಂದ ಲೂನಾಕ್ಕೆ ಅವನೇ ಹತ್ತಿರ. ಮುಂದಿನವರಿಗೆ ಚೂರುಪಾರು ಕೇಳಿಸುತ್ತಿದ್ದ ಬೈಗುಳ ಅವನಿಗೆ ಪೂರ್ತಿ ಕೇಳಿಸುತ್ತಿತ್ತು. ಹೀಗೆ ಸೋತು ಸೋತೇ ಅವನು ಲಾಡಸಾಬನ ದನಿಯನ್ನು ಕಲಿತದ್ದು. ಲೂನಾದ ಕೆಮ್ಮು, ಏರಿನಲ್ಲಿ ಅದರ ಉಬ್ಬಸ, ಅದರ ಮೇಲಿಂದ ತೇಲಿ ಬರುವ "ಏ ಜ್ವಾಳದ ಚೀಲಾ, ಸಂತಿಗೆ ಹೊಂಟೀಯೇನಲೇ!" ಎಲ್ಲ ಅವನ ಗಂಟಲಿಗೆ ಇಳಿದವು. ಊರ ಹಳೇ ನಾಗಕುಂಡದ ಮೆಟ್ಟಿಲಿಳಿದು ಕೂತರೆ ದನಿ ದುಪ್ಪಟ್ಟಾಗಿ ತಿರುಗಿ ಬರುತ್ತದೆ; ಅವನ ತಾಲೀಮು ಅಲ್ಲಿ.

ಒಂದು ಮುಂಜಾನೆ ಲೂನಾ ಊರ ಹೊರಗೇ ಕೈಕೊಟ್ಟಿತು. ಸಪ್ಪಳ ನಿಂತದ್ದು ಗೊತ್ತಾದದ್ದು ಕೊನೆಗಿದ್ದ ಸಿದ್ದರಾಮೇಶನೊಬ್ಬನಿಗೇ. ಅವನು ಸುಮ್ಮನಿರುವ ಜಾತಿಯವನೇ? ತುಟಿ ಅದುರಿಸಿ "ಟರ್ ಟರ್ ಟರ್" ಎಂದು ಲೂನಾ ಶುರು ಮಾಡಿದ. ಆಮೇಲೆ ಲಾಡಸಾಬನನ್ನು ಶುರು ಮಾಡಿದ.

"ಪೆಡಲ್ ಏನ್ ನಿಮ್ಮತ್ತಿ ಪಾದೇನಲೇ, ಮುಟ್ಟಿ ಕಣ್ಣಿಗೊತ್ಕೊಳ್ಳಾಕ? ತುಳೀ!"

ಯಾವನೂ ಹೊಳ್ಳಿ ನೋಡಲಿಲ್ಲ. ನೋಡುವಂತಿಲ್ಲವಲ್ಲ. ಗಜೇಂದ್ರಗಡ ಬಂತು, ಹೋಯಿತು. ಏರು ಬಂತು. ಒಬ್ಬ ವಾಂತಿ ಮಾಡಿಕೊಂಡ, ಒಬ್ಬ ಅಳುತ್ತ ಏರಿದ. ಗುಡ್ಡದ ತುದಿಯಲ್ಲಿ ಎಲ್ಲರೂ ಇಳಿದು ತಿರುಗಿದಾಗ ಅಲ್ಲಿದ್ದದ್ದು ಸೈಕಲ್ ಮೇಲೆ ಏದುಸಿರು ಬಿಡುತ್ತಿದ್ದ ಸಿದ್ದರಾಮೇಶ, ಮತ್ತು ಕಣ್ಣು ಹಾಯುವವರೆಗೆ ಖಾಲಿ ರಸ್ತೆ.

ಲಾಡಸಾಬ ಅವನಿಗೆ ಇಡೀ ತಿಂಗಳು ಚೈನು ತೊಳೆಸಿದ. "ನನ್ನ ದನಿ ಕದ್ದೀಯಲ್ಲಲೇ ಕಳ್ಳಾ! ಕದ್ದ ಮಾಲು, ಹೊಲಸು ಮಾಡಬ್ಯಾಡ ಮತ್ತ, ಜೋಪಾನ ಇಟ್ಕೋ," ಎಂದು ಪಂಪು ಎತ್ತಿಕೊಂಡು ಬೆನ್ನಟ್ಟಿದ. ಅವನ ಹೆಂಡತಿ ಖಾಜಾಬಿ ಮಾತ್ರ ಬಾಗಿಲ ಮರೆಯಿಂದ, "ನಿನ್ನ ಮುಂದ ಸಿಟ್ಟು ಮಾಡ್ತಾರಪಾ. ರಾತ್ರಿ ಹೊದಿಕಿ ಒಳಗ ನಕ್ಕೂ ನಕ್ಕೂ ಹಾಸಿಗಿ ಅಲಗ್ಯಾಡಿಸಿದ್ರು," ಅಂದಳು.

ಲಾಡಸಾಬನ ನಗುವೇ ಹಾಗೆ. ಬೋರಿನ ಕೈಪಂಪು ಹೊಡೆದಂತೆ. ಮೊದಲು ಒಣ ಗೊಕ್ಕು, ಮತ್ತೊಂದು ಗೊಕ್ಕು, ಇನ್ನೇನು ಬರುವುದೇ ಇಲ್ಲ ಅನ್ನುವಾಗ ಒಮ್ಮೆಲೇ ನೀರು. ಸಿದ್ದರಾಮೇಶನಿಗೆ ಅವನದೆಲ್ಲ ಬರುತ್ತಿತ್ತು, ಆ ನಗು ಮಾತ್ರ ಬರುತ್ತಿರಲಿಲ್ಲ. ಕುಂಡದಲ್ಲಿ ಕೂತು ಎಷ್ಟು ಸಲ ಹೊಡೆದರೂ ಒಣ ಗೊಕ್ಕಿಗೇ ನಿಲ್ಲುತ್ತಿತ್ತು. ಹುಡುಗರು, "ನಿನ್ನ ಬೋರಿಗೆ ನೀರಿಲ್ಲ ಬಿಡಲೇ," ಎಂದು ಹಾಸ್ಯ ಮಾಡುತ್ತಿದ್ದರು.

ಮುಂದಿನ ವರ್ಷ ಲಾಡಸಾಬನ ದನಿ ಒಡೆಯಿತು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ದಿನಾ ಗಾಳಿಯ ಎದುರು ಒದರುವವನ ಗಂಟಲು ಒಡೆಯದೆ ಇನ್ನೇನಾದೀತು? ಖಾಜಾಬಿ ಮೆಣಸು ಬೆಲ್ಲ ಕೊಟ್ಟಳು. ಹುಡುಗರು ಪೆಪ್ಪರಮೆಂಟು ತಂದುಕೊಟ್ಟರು. ಸಿದ್ದರಾಮೇಶ ತನ್ನ ಅಣಕಕ್ಕೂ ಅದೇ ಬಿರುಕು ಹಾಕಿಕೊಂಡ. ಹೊಸ ದನಿ ಕೇಳಿ ಎಲ್ಲರೂ ಬಿದ್ದು ಬಿದ್ದು ನಕ್ಕರು, ಲಾಡಸಾಬನೂ ನಕ್ಕ. ಸಾಲಿನ ಅಷ್ಟೂ ಹುಡುಗರು ಆ ದನಿಯನ್ನು ದಿನವೂ ಕೇಳಿದರು, ಆದರೆ ಅದರೊಳಗೆ ಏನಿದೆಯೆಂದು ಒಬ್ಬರಿಗೂ ಹೊಳೆಯಲಿಲ್ಲ. ನುಂಗಲು ಕಷ್ಟವಾದ ಮೇಲೆ ಹುಬ್ಬಳ್ಳಿಯ ದವಾಖಾನೆಗೆ ಹೋದರು. ಅಲ್ಲಿ ಗಂಟಲಿನ ಗಂಟಿನ ಜೊತೆಗೆ ದನಿಯನ್ನೂ ತೆಗೆದರು.

ಮನೆಗೆ ಬಂದ ಲಾಡಸಾಬನ ಕತ್ತಿನಲ್ಲಿ ಒಂದು ತೂತು, ಅದರ ಮೇಲೊಂದು ಬಿಳೀ ಅರಿವೆ. ಉಸಿರಾಡಿದಾಗೊಮ್ಮೆ ಅರಿವೆ ಏಳುತ್ತಿತ್ತು, ಬೀಳುತ್ತಿತ್ತು. ಗಾಳಿ ನುಂಗಿ ನುಂಗಿ ಹೊರಗೆ ಬಿಡುವುದನ್ನು ರೂಢಿ ಮಾಡಿದರೆ ಕೆಲವರಿಗೆ ಒಂದಿಷ್ಟು ಮಾತು ಬರುವುದುಂಟು ಎಂದು ಡಾಕ್ಟರು ಹೇಳಿದ್ದರು. ನವಾಜ ಆ ಮಾತನ್ನು ಗಂಟು ಕಟ್ಟಿಕೊಂಡ. ದಿನಾ ಸಂಜೆ ಅಪ್ಪನ ಎದುರು ಕೂತು, "ಇವತ್ತ ಏನರ ಬಂತೇನು ಅಬ್ಬಾ?" ಎಂದು ಕೇಳುತ್ತಿದ್ದ. ತೇಗಿನಂಥದ್ದೊಂದು ಬರುತ್ತಿತ್ತು. ಒಂದು ದಿನ ಲಾಡಸಾಬ ಕೈಯಲ್ಲಿದ್ದ ನಟ್ಟು ತಿರುವುವ ಪಾನಾ ಎಸೆದು ಎದ್ದು ಹೋದ. ಮತ್ತೆ ಪ್ರಯತ್ನ ಮಾಡಲಿಲ್ಲ.

ನವಾಜ ಮಾತ್ರ ನಂಬಿಕೊಂಡೇ ಇದ್ದ. ಗುಡ್ಡದ ಮೇಲೆ ಕರೆಂಟು ತೆಗೆಯುವ ದೊಡ್ಡ ದೊಡ್ಡ ಗಾಳಿ ಫ್ಯಾನು ನಿಲ್ಲಿಸಲು ಹತ್ತಿದ ವರ್ಷ ಅದು. ಏರಿನ ಬುಡದವರೆಗೆ ಅವನು ಚೆನ್ನಾಗಿಯೇ ಹೋಗುತ್ತಿದ್ದ. ಏರು ಸುರುವಾಗುತ್ತಲೇ ಕಾಲು ಸಡಿಲ ಬಿಡುತ್ತಿದ್ದ, ಇಳಿದುಬಿಡುತ್ತಿದ್ದ.

"ಹಿಂದ ಸಪ್ಪಳಿಲ್ಲಲೇ ಸಿದ್ಯಾ," ಎಂದಿದ್ದ ಒಮ್ಮೆ. "ಬೆನ್ನ ಮ್ಯಾಲೆ ಯಾರೋ ಅಂಗಿ ಕಳದಂಗ ಆಗ್ತೈತಿ."

ಕಾರಹುಣ್ಣಿಮೆಯ ಶರ್ಯತ್ತಿನಲ್ಲಿ ಅರ್ಧ ಏರಿನಿಂದ ಇಳಿದು ಬಂದ. ಬಂದವನೇ ಸೈಕಲ್ಲನ್ನು ಅಂಗಡಿಯ ಗೋಡೆಯ ಗೂಟಕ್ಕೆ ತೂಗುಹಾಕಿದ. ಗದಗಿನಲ್ಲಿ ಜಿಲ್ಲಾ ತಂಡಕ್ಕೆ ಆರಿಸುವ ದಿನ ಹತ್ತಿರ ಬಂದಿತ್ತು. ಕೇಳಿದರೆ, "ಅಬ್ಬಾಗ ಆರಾಮಾಗ್ಲಿ, ಆಮ್ಯಾಲೆ ನೋಡೂಣು," ಎನ್ನುತ್ತಿದ್ದ. ಅಬ್ಬಾನಿಗೆ ಆರಾಮಾಗುವ ಹಾಗಿರಲಿಲ್ಲ. ಗಂಟು ಮತ್ತೆ ಬಂದಿತ್ತು. ಸೋಮವಾರ ಮತ್ತೆ ಹುಬ್ಬಳ್ಳಿಗೆ ಹೋಗುವುದಿತ್ತು, ಅದು ಮನೆಯವರಿಗೆಲ್ಲ ಗೊತ್ತಿತ್ತು. ಗೋಡೆಯ ಮೇಲಿನ ಸೈಕಲ್ಲಿನ ಕೆಳಗೇ ಹಾಸಿಗೆ ಹಾಕಿಸಿಕೊಂಡು ಲಾಡಸಾಬ ಅದರ ಗಾಲಿಗಳನ್ನೇ ನೋಡುತ್ತ ಮಲಗುತ್ತಿದ್ದ.

ಸಿದ್ದರಾಮೇಶ ಅಷ್ಟರಲ್ಲಿ ಎಲ್ಲರ ದನಿ ತೆಗೆಯುವುದನ್ನೂ ಬಿಟ್ಟಿದ್ದ. ಆ ಶುಕ್ರವಾರ ಅವನ ಮನೆಯ ಮುಂದೆ ಲೂನಾ ಬಂದು ನಿಂತಿತು. ಮೇಲೆ ಲಾಡಸಾಬ, ಕತ್ತಿಗೆ ಟವೆಲು ಸುತ್ತಿಕೊಂಡವನು. ಏನೂ ಸನ್ನೆ ಮಾಡಲಿಲ್ಲ, ಹಿಂದಿನ ಸೀಟನ್ನು ಅಂಗೈಯಿಂದ ಪಟಪಟ ಬಡಿದ. ಕೂಡ್ರು ಎಂದು. ಸಿದ್ದರಾಮೇಶ ಕೂತ.

ಅಂಗಡಿಯಲ್ಲಿ ಖಾಜಾಬಿ ಕಾಯುತ್ತಿದ್ದಳು. ನವಾಜ ಮನೆಯಲ್ಲಿರಲಿಲ್ಲ. ಲಾಡಸಾಬ ಗೋಡೆಯ ಸೈಕಲ್ ತೋರಿಸಿದ, ಬಾಗಿಲಾಚೆ ಗುಡ್ಡದ ದಿಕ್ಕು ತೋರಿಸಿದ, ಲೂನಾ ತೋರಿಸಿದ. ಕಡೆಗೆ ಸಿದ್ದರಾಮೇಶನ ಗಂಟಲಿಗೆ ಬೆರಳು ಹಚ್ಚಿದ.

"ಏನಂತಾರ್ರಿ ಚಾಚಿ?"

"ನಿನ್ನ ಗಂಟಲಾ ಬಾಡಿಗಿಗೆ ಬೇಕಂತ," ಎಂದಳು ಖಾಜಾಬಿ. "ಒಂದ ಮುಂಜಾನಿಗೆ. ನಾಳಿ ನವಾಜನ್ನ ನಾ ಗುಡ್ಡದ ಮ್ಯಾಲಿನ ದರ್ಗಾಕ್ಕ ಕಳಸ್ತೀನಿ, ಸಕ್ಕರಿ ಮ್ಯಾಲೆ ಫಾತೆಹಾ ಓದಿಸ್ಕೊಂಡು ಬಾ ಅಂತ. ಅಬ್ಬಾನ ಸಲುವಾಗಿ ಅಂದ್ರ ಒಲ್ಲೆ ಅನ್ನಂಗಿಲ್ಲ. ಲೂನಾ ನೀವು ಒಯ್ದಿರ್ತೀರಿ. ಸೈಕಲ್ ಬಿಟ್ರ ಅವಗ ಗತಿಯಿಲ್ಲ."

"ಬ್ಯಾಡ್ರಿ ಚಾಚಿ. ಅವಾ ದನಿ ಖರೇನ ಬಂತು ಅಂತ ತಿಳಕೊಂಡ್ರ? ಏರಿದ ಮ್ಯಾಲೆ ಹೊಳ್ಳಿ ನೋಡಿದ್ರ ಅವನ ಗತಿ ಏನು?"

"ನಾನೂ ಅದನ್ನ ಅಂದೆ." ಖಾಜಾಬಿ ಗಂಡನ ಕಡೆ ನೋಡಿದಳು. ಅವನು ಬೆರಳಿನಿಂದ ಗಾಳಿಯಲ್ಲಿ ಒಂದು ಏರು ಎಳೆದು, ಅದರ ತುದಿಯಲ್ಲಿ ಎರಡೂ ಕಣ್ಣಿನಿಂದ ನೀರು ಇಳಿಸಿ ತೋರಿಸಿದ. "ಮೊದಲ ಏರ್ಲಿ, ಆಮ್ಯಾಲೆ ಅಳ್ಲಿ ಅಂತಾರ."

ಸಿದ್ದರಾಮೇಶ ಗೋಡೆಯ ಸೈಕಲ್ ನೋಡಿದ, ಅದರ ಕೆಳಗಿನ ಹಾಸಿಗೆ ನೋಡಿದ.

ಖಾಜಾಬಿ ಸೆರಗಿನ ತುದಿ ತಿರುವುತ್ತ ನಿಂತಿದ್ದಳು. "ಸಿದ್ದೂ, ನಾಳಿ ಬರೇ ಬೈಗುಳ ಒದರ್ತೀ. ಒಂದ ಸಲ ನನ್ನ ಕರಿ. ಅವರು ಕರೀತಿದ್ರಲ್ಲ, ಹಂಗ."

ಲಾಡಸಾಬ ತಲೆ ಕೆಳಗೆ ಹಾಕಿ ಚೈನಿನ ಕೊಂಡಿಯೊಂದನ್ನು ಬೆರಳಿನಿಂದ ಬಿಡಿಸುತ್ತ ಕೂತ. ಸಿದ್ದರಾಮೇಶ ಕಣ್ಣು ಮುಚ್ಚಿದ.

"ಏ ಖಾಜಾ! ಚಾ ತರ್ತೀಯೋ, ಇಲ್ಲಾ ಚಾದ ತ್ವಾಟಾ ಹಚ್ಚೀಯೋ?"

ಅವಳು ಲಗುಬಗೆಯಿಂದ ಒಳಗೆ ಹೋದಳು. ಚಹಾ ಬರಲು ಭಾಳ ಹೊತ್ತಾಯಿತು.

ಆ ಸಂಜೆ ಸಿದ್ದರಾಮೇಶ ನಾಗಕುಂಡದ ಮೆಟ್ಟಿಲಿಳಿದ. ಅವನ ಬಳಿ ಈಗ ಎರಡು ದನಿ ಇದ್ದವು: ಮೊದಲಿನ ತುಂಬು ದನಿ, ಕಡೆಗಾಲದ ಬಿರುಕು ದನಿ. ಬಿರುಕಿನದು ತಾನಾಗಿ ಬಂತು. ಅದನ್ನು ತಡೆದು ಹಳೆಯದನ್ನು ಹುಡುಕಬೇಕಾಯಿತು. ನೀರಿನ ಮಟ್ಟದ ಕಲ್ಲಿಗೆ ಕೂತು, ಕತ್ತಲಾಗುವವರೆಗೆ ಹುಡುಕಿದ. ಸಿಕ್ಕಿತು. ಮೇಲೆ ಆಡು ಹೊಡೆದುಕೊಂಡು ಹೊರಟಿದ್ದ ಮುದುಕಿ ಶೇಖವ್ವ ದಂಡೆಯ ಮೇಲೆ ಗಕ್ಕನೆ ನಿಂತು, "ಯವ್ವಾ, ಲಾಡಸಾಬಗ ದನಿ ಬಂತ ಏನ!" ಎಂದು ಕೂಗಿದಳು. ಸಿದ್ದರಾಮೇಶ ಕಲ್ಲಿಗೆ ಒತ್ತಿಕೊಂಡು ಅವಳು ಹೋಗುವವರೆಗೆ ಉಸಿರು ಬಿಗಿಹಿಡಿದು ಕೂತ.

ಶನಿವಾರ ಬೆಳಗ್ಗೆ ಗಜೇಂದ್ರಗಡ ದಾಟಿ, ಏರಿನ ಬುಡದ ಬೇವಿನ ಗಿಡದ ಮರೆಗೆ ಇಬ್ಬರೂ ನಿಂತರು. ಸಿದ್ದರಾಮೇಶ ಲೂನಾ ಹಿಡಿದು ಮುಂದೆ, ಲಾಡಸಾಬ ಹಿಂದೆ. ಒಪ್ಪಂದ ಹೀಗಿತ್ತು: ಎಡ ಹೆಗಲಿಗೆ ಪೆಟ್ಟು ಬಿದ್ದರೆ ಬೈಯುವುದು, ಬಲ ಹೆಗಲಿಗೆ ಬಿದ್ದರೆ ಸೀಟು ಬಿಟ್ಟು ಎದ್ದು ತುಳಿ ಎನ್ನುವುದು. ಮೂರನೆಯದೊಂದು ಸನ್ನೆ ಬೇಕಾದೀತೆಂದು ಇಬ್ಬರಿಗೂ ಹೊಳೆದಿರಲಿಲ್ಲ.

ನವಾಜ ಬಂದ. ಬೆನ್ನ ಕಿಸೆಯಲ್ಲಿ ಸಕ್ಕರೆಯ ಪುಡಿಕೆ. ಗಿಡದ ಕಡೆ ನೋಡದೆ, ಏರಿಗೆ ತಲೆ ಬಾಗಿಸಿದ ಎತ್ತಿನ ಹಾಗೆ, ಮನಸ್ಸಿಲ್ಲದೆ ಹತ್ತತೊಡಗಿದ. ಮೊದಲ ತಿರುವಿಗೇ ಕಾಲು ಸಡಿಲಾಯಿತು. ಇನ್ನೇನು ಇಳಿಯಬೇಕು, ಹಿಂದೆ ಲೂನಾದ ಕೆಮ್ಮು ಕೇಳಿಸಿತು. ಸಿದ್ದರಾಮೇಶನ ಎಡ ಹೆಗಲಿಗೆ ಪೆಟ್ಟು ಬಿತ್ತು.

"ಏ ಜ್ವಾಳದ ಚೀಲಾ! ಸಂತಿಗೆ ಹೊಂಟೀಯೇನಲೇ!"

ನವಾಜನ ಬೆನ್ನು ಒಮ್ಮೆಲೇ ನೆಟ್ಟಗಾಯಿತು. ಸೈಕಲ್ ಓಲಾಡಿತು. ಕತ್ತು ತಿರುಗುವುದರಲ್ಲಿತ್ತು, ಅರ್ಧಕ್ಕೆ ಬಂದು ನಿಂತಿತು. ಮೈಯೊಳಗೆ ಹೊಕ್ಕ ಕಾಯಿದೆ ಅದು.

"ಅಬ್ಬಾ?" ಎಂದ, ಮುಂದೆಯೇ ನೋಡುತ್ತ. "ಅಬ್ಬಾ, ಬಂತೇನು?"

ಸಿದ್ದರಾಮೇಶನ ಎಡ ಹೆಗಲಿಗೆ ಮತ್ತೆ ಪೆಟ್ಟು, ಮೊದಲಿನದಕ್ಕಿಂತ ಜೋರಾಗಿ.

"ಬಂತೇನ ಹೋತೇನ ಅಂತ ಆಮ್ಯಾಲೆ ಕೇಳು! ಪೆಡಲ್ ಏನ್ ನಿಮ್ಮತ್ತಿ ಪಾದೇನಲೇ? ತುಳೀ!"

ನವಾಜ ತುಳಿದ. ಅಳುತ್ತಿದ್ದನೋ ನಗುತ್ತಿದ್ದನೋ ಹಿಂದಿನಿಂದ ತಿಳಿಯುವಂತಿರಲಿಲ್ಲ. ಹೆಗಲುಗಳು ಮಾತ್ರ ಕುಣಿಯುತ್ತಿದ್ದವು. ಬಲ ಹೆಗಲಿಗೆ ಪೆಟ್ಟು. "ಎದ್ದು ನಿಂತು ತುಳಿಯೋ! ಸೀಟಿಗೆ ಬೆಲ್ಲ ಹಚ್ಚೀಯೇನ?" ಅವನು ಎದ್ದು ನಿಂತು ತುಳಿದ. ಇಬ್ಬರ ಭಾರಕ್ಕೆ ಲೂನಾ ನಿಲ್ಲುವುದರಲ್ಲಿತ್ತು. ಸಿದ್ದರಾಮೇಶ ಅದರ ಪೆಡಲನ್ನೂ ತುಳಿಯುತ್ತ, ಒದರುತ್ತ, ಮತ್ತೆ ತುಳಿಯುತ್ತ ಏರಿದ. ಜೀವಮಾನದಲ್ಲಿ ಅವನು ನವಾಜನ ಅಷ್ಟು ಹತ್ತಿರ ಯಾವ ಏರನ್ನೂ ಏರಿರಲಿಲ್ಲ. ಹಿಂದೆ ಕೂತವನ ಉಸಿರು ಕತ್ತಿನ ತೂತಿನಿಂದ ಹಾಯ್ದು ಅವನ ಹೆಡಕಿಗೆ ಬಿಸಿಯಾಗಿ ಬಡಿಯುತ್ತಿತ್ತು. ಉಸಿರು ಲಾಡಸಾಬನದು, ದನಿ ಇವನದು. ಎರಡೂ ಒಂದೇ ತಾಳಕ್ಕೆ ಬಿದ್ದಿದ್ದವು. ಒಂದೆರಡು ಸಲ ಪೆಟ್ಟು ಬೀಳುವ ಮೊದಲೇ ಬೈಗುಳ ಹೊರಬಿತ್ತು.

ಲಾಡಸಾಬ ಆಮೇಲೆ ಯಾವ ಏರನ್ನೂ ಏರಲಿಲ್ಲ. ಹುಬ್ಬಳ್ಳಿಯಿಂದ ಅವನನ್ನು ತಂದದ್ದು ಬಿಳೀ ಬಟ್ಟೆಯಲ್ಲಿ. ಅದು ಬೇರೆ ಮಾತು, ಇಲ್ಲಿ ಇಷ್ಟೇ ಸಾಕು. ಆ ಶನಿವಾರ ಅವನು ಟವೆಲು ಗಾಳಿಗೆ ಹಾರಿಸಿಕೊಂಡು, ಮಗನ ಬೆನ್ನ ಹಿಂದೆ, ಮೊದಲಿನ ಜಾಗದಲ್ಲಿದ್ದ.

ಕಡೆಯ ತಿರುವು ಬಂತು. ಅಲ್ಲಿಂದ ಗಾಳಿ ಫ್ಯಾನಿನ ರೆಕ್ಕೆ ಕಾಣುತ್ತದೆ, ಅದರ ಆಚೆ ದರ್ಗಾದ ಹಸಿರು ಬಾವುಟ. ನವಾಜ ತಿರುವನ್ನು ಹಿಂದಿನ ವರ್ಷಕ್ಕಿಂತ ಚಂದ ಹೊಡೆದ. ಸಿದ್ದರಾಮೇಶ ಎಡ ಹೆಗಲಿಗೋ ಬಲ ಹೆಗಲಿಗೋ ಎಂದು ಕಾದ. ಪೆಟ್ಟು ಬೀಳಲಿಲ್ಲ. ಲಾಡಸಾಬ ಅಂಗೈಯನ್ನು ಅಗಲ ಮಾಡಿ ಅವನ ಬೆನ್ನ ನಡುವೆ ಇಟ್ಟ. ಇಟ್ಟು ತೆಗೆಯಲಿಲ್ಲ.

ಅದರ ಅರ್ಥ ಸಿದ್ದರಾಮೇಶನಿಗೆ ತಿಳಿಯಿತು. ತಿಳಿದೇ ಅವನು ಗಾಬರಿಯಾದ. ಆ ದನಿಯಲ್ಲಿ ಅವನ ಬಳಿ ಬೈಗುಳದ ರಾಶಿಯೇ ಇತ್ತು. ಹೊಗಳಿಕೆ ಒಂದೂ ಇರಲಿಲ್ಲ. ಲಾಡಸಾಬ ಜನ್ಮದಲ್ಲಿ ಯಾವ ಹುಡುಗನನ್ನೂ ಚಲೋ ಅಂದವನಲ್ಲ, ಮಗನನ್ನಂತೂ ಕೇಳುವುದೇ ಬೇಡ. ಕೇಳದ ಮಾತನ್ನು ಅಣಕಿಸುವುದು ಹೇಗೆ? ಬೆನ್ನ ಮೇಲಿನ ಕೈ ಸಣ್ಣಗೆ ಒತ್ತಿತು. ಏರು ಮುಗಿಯುತ್ತ ಬಂದಿತ್ತು.

"ನವಾಜಾ," ಎಂದ ಸಿದ್ದರಾಮೇಶ. ತುಂಬು ದನಿಯಲ್ಲೇ ಸುರು ಮಾಡಿದ. ನಡುವೆ ಅದು ತಾನಾಗಿ ಬಿರಿಯಿತು. "ಚಲೋ ಏರಿದಿ ಬೇಟಾ. ನಾ ಹಿಂದ ಇರ್ಲಿ, ಬಿಡ್ಲಿ... ಹಿಂಗ ಏರ್ಬೇಕ ನೋಡು."

ಮುಂದಿನ ಸೈಕಲ್ ನಿಂತಿತು.

ನವಾಜ ಒಂದು ಕಾಲು ನೆಲಕ್ಕೆ ಊರಿದ. ಆಮೇಲೆ ಹೊಳ್ಳಿ ನೋಡಿದ.

ಅವನಿಗೆ ಕಂಡದ್ದು ಲೂನಾ ಮೇಲೆ ಬಾಯಿ ತೆರೆದೇ ಕೂತ ಸಿದ್ದರಾಮೇಶ. ಅವನ ಹೆಗಲ ಹಿಂದಿನಿಂದ ಇಣುಕುತ್ತಿದ್ದ ಅಪ್ಪ. ಕತ್ತಿನ ಬಿಳೀ ಅರಿವೆ ಏಳುತ್ತಿತ್ತು, ಬೀಳುತ್ತಿತ್ತು.

"ನೀನೇನಲೇ," ಎಂದ ನವಾಜ, ಮೆಲ್ಲಗೆ.

ಸಿದ್ದರಾಮೇಶ ಲೂನಾ ಬಂದ್ ಮಾಡಿದ. ಹೊಡೆಯಲಿ ಎಂದುಕೊಂಡ. ಹೊಡೆದರೆ ಪಾಡಾಗುತ್ತಿತ್ತು. ಮೇಲೆ ಫ್ಯಾನಿನ ರೆಕ್ಕೆ ಒಂದೊಂದೇ ಗಾಳಿಯನ್ನು ಕೊಯ್ಯುತ್ತ ತಿರುಗುತ್ತಿತ್ತು.

"ಬುಡದಿಂದ ನೀನ ಏನು?"

"ಹೂಂ."

"ನನಗ ಖರೇನ ಬಂತು ಅನಿಸ್ತಲೇ." ನವಾಜ ತೋಳಿನಿಂದ ಮುಖ ಒರೆಸಿಕೊಂಡ. "ಖರೇನ ಅಂತನ ಏರಿದ್ನಿ. ಅಮ್ಮಿಗೆ ಹೋಗಿ ಹೇಳೋದು ಹ್ಯಾಂಗ ಅಂತ ವಿಚಾರ ಮಾಡ್ಕೋತ ಏರಿದ್ನಿ. ಕಡೀಕ ಚಲೋ ಅಂದಿ ನೋಡು, ಅಲ್ಲೇ ಕೆಡಿಸಿದಿ. ನಮ್ಮ ಅಬ್ಬಾ ಹಂಗ ಎಂದೂ ಅಂದಿಲ್ಲ, ಅನ್ನಂಗೂ ಇಲ್ಲ."

ಲಾಡಸಾಬ ಲೂನಾದಿಂದ ಇಳಿದ. ಕಾಲು ಒಂದು ಕಡೆ ಹೋದರೆ ತಾನೊಂದು ಕಡೆ ಹೋಗುತ್ತ ಮಗನ ಬಳಿ ಬಂದ. ಸಿದ್ದರಾಮೇಶನ ಗಂಟಲಿನ ಕಡೆ ಬೆರಳು ಮಾಡಿ, ಇಲ್ಲ ಎಂದು ಆಡಿಸಿದ. ಅದೇ ಬೆರಳನ್ನು ತಿರುಗಿಸಿ ತನ್ನ ಎದೆಗೆ ಬಡಿದುಕೊಂಡ. ಒಮ್ಮೆ ಬಡಿದ, ಮಗನಿಗೆ ತಿಳಿಯಲಿಲ್ಲವೇನೋ ಎಂದು ಮತ್ತೊಮ್ಮೆ ಬಡಿದ, ಟೊಳ್ಳು ಸದ್ದು ಬರುವ ಹಾಗೆ. ತುಟಿ ಅಲುಗಿತು. ದನಿ ಇಲ್ಲದಿದ್ದರೂ ಏನು ಅಂದನೆಂದು ಇಬ್ಬರಿಗೂ ಕಂಡಿತು: ನಾ ಅಂದದ್ದು.

ನವಾಜ ನೋಡುತ್ತಲೇ ನಿಂತ. ಅವನ ಮುಖ ಒಡೆಯುವುದರಲ್ಲಿತ್ತು. ಸಿದ್ದರಾಮೇಶ ಅದನ್ನು ನೋಡಲಾರದೆ ಲೂನಾದ ಹ್ಯಾಂಡಲ್ಲಿಗೆ ಕಣ್ಣು ಇಳಿಸಿದ.

ಆಗ ಲಾಡಸಾಬ ಹುಬ್ಬು ಗಂಟು ಹಾಕಿದ, ಹಿಂದಿನ ದಿನಗಳಲ್ಲಿ ಪಂಪು ಎತ್ತಿಕೊಳ್ಳುವ ಮೊದಲು ಹಾಕುತ್ತಿದ್ದಂಥ ಗಂಟು. ಮಗನ ಕತ್ತನ್ನು ತೋರಿಸಿದ. ತನ್ನ ಕತ್ತನ್ನು ಹಿಂದಕ್ಕೆ ಹೊರಳಿಸಿ ತೋರಿಸಿದ. ಹೊಳ್ಳಿ ನೋಡಿದಿ! ಕಾಯಿದೆ ಮುರದಿ! ಅಲ್ಲೇ ರಸ್ತೆಯ ನಡುವೆ ಕುಕ್ಕರುಗಾಲಿನಲ್ಲಿ ಕೂತು, ಕಾಣದ ಚೈನೊಂದನ್ನು ಕಾಣದ ಚಿಮಣಿ ಎಣ್ಣೆಯಲ್ಲಿ ಅದ್ದಿ, ಕೊಂಡಿ ಕೊಂಡಿಗೂ ತಿಕ್ಕಿ, ಮೂಗಿಗೆ ಹಿಡಿದು, ವಾಸನೆಗೆ ಮುಖ ಕಿವುಚಿದ. ಎಲ್ಲರವೂ! ಎಂದು ಕೈ ಬೀಸಿದ. ಸಿದ್ದರಾಮೇಶನ ಸೈಕಲ್ಲಿನದೂ ಸೇರಿ ಎಂದು ಅವನ ಕಡೆಗೂ ಬೆರಳು ಮಾಡಿದ. ಇಷ್ಟು ಮಾಡುವಷ್ಟರಲ್ಲಿ ಅವನಿಗೇ ನಗು ಬಂದುಬಿಟ್ಟಿತ್ತು. ಬಾಯಿ ತೆರೆದಿತ್ತು, ಹೆಗಲು ಕುಣಿಯುತ್ತಿತ್ತು, ಅರಿವೆ ಪಟಪಟ ಹಾರುತ್ತಿತ್ತು. ಸದ್ದು ಮಾತ್ರ ಇಲ್ಲ.

ಸಿದ್ದರಾಮೇಶ ನಗಲು ಹೋದ, ಆಗಲಿಲ್ಲ. ಯಾರ ದನಿಯಲ್ಲಿ ನಗಬೇಕೆಂದು ತಿಳಿಯಲಿಲ್ಲ.

ಒಂದು ಒಣ ಗೊಕ್ಕು ಕೇಳಿಸಿತು. ಅವನು ತಲೆ ಎತ್ತಿದ. ಮತ್ತೊಂದು ಗೊಕ್ಕು. ನವಾಜ ಸೈಕಲ್ಲಿನ ಮೇಲೆ ಬಗ್ಗಿದ್ದ, ಬೆನ್ನು ಜಗ್ಗುತ್ತಿತ್ತು. ಅಳು ಬಂತು ಎಂದು ಸಿದ್ದರಾಮೇಶ ಹತ್ತಿರ ಹೋದ. ಅಷ್ಟರಲ್ಲಿ ಒಮ್ಮೆಲೇ ನೀರು ಬಂತು. ಕುಂಡದ ತಳದಲ್ಲಿ ಕೂತು ವರ್ಷಗಟ್ಟಲೆ ಹೊಡೆದರೂ ಅವನಿಗೆ ಸಿಗದಿದ್ದ ಆ ನಗು, ಕೈಪಂಪಿನ ನಗು, ನವಾಜನ ಬಾಯಿಂದ ಭಡಭಡನೆ ಬೀಳುತ್ತಿತ್ತು. ನವಾಜನಿಗೆ ಅದರ ಅರಿವು ಇರಲಿಲ್ಲ. ಅವನು ಸುಮ್ಮನೆ ನಗುತ್ತಿದ್ದ, ಕಣ್ಣೀರು ಗಲ್ಲದ ಮೇಲೆ ಇಳಿಯುತ್ತಿತ್ತು, ಬೆನ್ನ ಕಿಸೆಯ ಪುಡಿಕೆ ಒಡೆದು ಓದಿಸದ ಸಕ್ಕರೆ ರಸ್ತೆಯ ಮೇಲೆ ಚೆಲ್ಲುತ್ತಿತ್ತು. ಕೆಳಗಿನ ಇಳಿಜಾರಿನಲ್ಲಿ ಮೇಯುತ್ತಿದ್ದ ಆಡುಗಳು ತಲೆ ಎತ್ತಿ ನೋಡಿದವು.

ಲಾಡಸಾಬನೂ ಕೇಳಿದ. ಕೂತಲ್ಲಿಂದ ಎದ್ದ. ಗ್ರೀಸಿನ ಕಪ್ಪು ಹೋಗದ ಕೈಯನ್ನು ಚಾಚಿ ಮಗನ ಗಂಟಲಿನ ಮೇಲೆ ಇಟ್ಟ, ಟ್ಯೂಬಿನಲ್ಲಿ ಗಾಳಿ ಇದೆಯೋ ಇಲ್ಲವೋ ಎಂದು ಒತ್ತಿ ನೋಡುವವನ ಹಾಗೆ. ಆ ಕೈಯ ಕೆಳಗೆ ನವಾಜ ಇನ್ನೂ ಜೋರಾಗಿ ನಕ್ಕ.